ಹಾಕಿದ್ದು ಆರು, ತೆಗೆದದ್ದು ಆರು

ಸೆಪ್ಟೆಂಬರ್ 2, ಮಂಗಳವಾರ

ಸಂಘದ ಸಭೆಯಲ್ಲಿ ಇವತ್ತು ಮೂವತ್ತೆಂಟು ಜನ ಫಿಸಿಯೋಥೆರಪಿಸ್ಟರು ಒಟ್ಟಿಗೆ ನನ್ನ ಕಡೆ ತಿರುಗಿದರು. ವೈದ್ಯಕೀಯ ಮಂಡಳಿಯ ವಿಚಾರಣೆ ಹದಿನೆಂಟಕ್ಕೆ. ಒಂದೇ ಪ್ರಶ್ನೆ: ಫಿಸಿಯೋಥೆರಪಿಸ್ಟರು ರೋಗಿಯ ಮೈಗೆ ಸೂಜಿ ಚುಚ್ಚಬಹುದೋ, ಚುಚ್ಚಬಾರದೋ. ನಮ್ಮ ಕಡೆಯಿಂದ ಒಬ್ಬರಿಗೆ ಐದು ನಿಮಿಷ. "ನಿಮ್ಮ ಬಾಯಿ ಇರುವಾಗ ಇನ್ನೊಂದು ಬಾಯಿ ಯಾಕೆ ಹುಡುಕೋದು ಮೇಡಂ?" ಅಂದರು ಕಾರ್ಯದರ್ಶಿ. ಹೊಗಳಿದರೋ ಕುಟುಕಿದರೋ ತಿಳಿಯಲಿಲ್ಲ. ಹೊಗಳಿದ್ದು ಅಂತಲೇ ಜಮಾ ಮಾಡಿಕೊಂಡೆ.

ಈ ದಿನಚರಿ ಪುಸ್ತಕವನ್ನು ಔಷಧ ಕಂಪನಿಯವನು ಜನವರಿಯಲ್ಲಿ ಕೊಟ್ಟಿದ್ದ. ಎಂಟು ತಿಂಗಳಿಂದ ಕಪಾಟಿನ ಮೋಟು ಕಾಲಿಗೆ ಆನಿಕೆಯಾಗಿತ್ತು. ಭಾಷಣಕ್ಕೆ ಗುರುತು ಹಾಕಿಕೊಳ್ಳೋಣವೆಂದು ಎಳೆದುಕೊಂಡೆ. ಕಪಾಟು ಈಗ ಸ್ವಲ್ಪ ವಾಲಿದೆ.

ಮೊದಲು ಹೇಳಬೇಕಾದದ್ದು: ಇದು ಇಂಜೆಕ್ಷನ್ ಅಲ್ಲ. ಸೂಜಿಗೆ ತೂತಿಲ್ಲ, ಔಷಧವಿಲ್ಲ. ಕೂದಲಿಗಿಂತ ಒಂದಿಷ್ಟು ದಪ್ಪ, ಅಷ್ಟೆ. ಗಂಟು ಕಟ್ಟಿದ ಸ್ನಾಯುವಿನೊಳಗೆ ಇಳಿಸಿದರೆ ಸ್ನಾಯು ಒಮ್ಮೆ ಬೆಚ್ಚಿಬಿದ್ದು ಸಡಿಲವಾಗುತ್ತದೆ. ಡ್ರೈ ನೀಡ್ಲಿಂಗ್ ಅನ್ನುತ್ತೇವೆ. ವರ್ಷಗಟ್ಟಲೆ ಕತ್ತು ತಿರುಗಿಸಲಾಗದವರು ಮೂರನೆಯ ವಾರಕ್ಕೆ ಹಿಂದಿನಿಂದ ಯಾರಾದರೂ ಕರೆದರೆ ತಿರುಗಿ ನೋಡುತ್ತಾರೆ. ಆಮೇಲೆ ಲೆಕ್ಕ: ನಾಲ್ಕು ವರ್ಷ, ಹನ್ನೊಂದು ಸಾವಿರದ ಇನ್ನೂರ ಆರು ಸೂಜಿ, ಒಂದೂ ಹೆಚ್ಚುಕಡಿಮೆಯಾಗಿಲ್ಲ. ಪ್ರತಿ ರೋಗಿಯ ಕಾರ್ಡಿನಲ್ಲಿ ಎರಡು ಕಾಲಂ ಇವೆ, ಹಾಕಿದ್ದು ಎಷ್ಟು, ತೆಗೆದದ್ದು ಎಷ್ಟು. ಆ ಕಾಲಂ ನನ್ನದೇ ಬುದ್ಧಿ. ಬೇರೆ ಯಾವ ಕ್ಲಿನಿಕ್ಕಿನಲ್ಲೂ ಇಲ್ಲ. ಕೊನೆಗೆ ಬೇಕಿದ್ದರೆ ನನ್ನನ್ನೇ ಉದಾಹರಣೆಗೆ ಇಡುತ್ತೇನೆ: ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳಲು ಸೇರಿದವಳು, ಸಂಜೆ ಕಾಲೇಜಿನಲ್ಲಿ ಓದಿ, ಟಯರ್ ಅಂಗಡಿಯ ಮೇಲೆ ಎರಡು ಮಂಚದ ಸ್ವಂತ ಕ್ಲಿನಿಕ್ ಇಟ್ಟವಳು.

ಇವತ್ತು ಒಬ್ಬ ದಾಂಡಿಗ, ಲಾರಿಗೆ ಸಿಮೆಂಟ್ ಮೂಟೆ ಹೊರುವವನು, ಸೂಜಿ ನೋಡಿದ್ದೇ ಮಂಚದಿಂದ ಇಳಿದು ಚಪ್ಪಲಿ ಹುಡುಕಿದ. ನಾನೂ ರಿಸೆಪ್ಷನ್ನಿನ ಅಕ್ಕನೂ ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸೂಜಿ ಕಿತ್ತುಕೊಂಡರೆ ನನ್ನ ರೋಗಿಗಳಲ್ಲಿ ಅರ್ಧ ಜನ ಎದುರಿನ ರಸ್ತೆಯ ಅಕ್ಯುಪಂಕ್ಚರ್ ಅಜ್ಜನ ಹತ್ತಿರ ಹೋಗುತ್ತಾರೆ. ಇದನ್ನು ಬರೆದ ಮೇಲೆ ಯಾಕೋ ಚಹಾ ರುಚಿಸಲಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಸರ್ಜಿಕಲ್ ಅಂಗಡಿಯಲ್ಲಿ ಎದುರಿನ ರಸ್ತೆಯ ಅಕ್ಯುಪಂಕ್ಚರ್ ಅಜ್ಜ ಸಿಕ್ಕಿದರು. ವಿಚಾರಣೆಯಲ್ಲಿ ನಮ್ಮ ವಿರುದ್ಧ ಮಾತಾಡುವವರು ಅವರೇ. ತಮಾಷೆ ಏನೆಂದರೆ ಇಬ್ಬರೂ ಕೇಳಿದ್ದು ಒಂದೇ ಸೂಜಿ, ಒಂದೇ ಡಬ್ಬ.

"ಎಷ್ಟು ದಿನ ಕಲಿತ್ರಿ ತಾಯಿ ಇದನ್ನ?"

"ಮೂರು ವಾರಾಂತ್ಯ. ಐವತ್ತನಾಲ್ಕು ಗಂಟೆ. ಅದಕ್ಕೆ ಮುಂಚೆ ಸ್ನಾಯು, ಮೂಳೆ ಅಂತ ಐದು ವರ್ಷ ಓದಿದೀನಿ, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ."

"ನಾನು ಆರು ವರ್ಷ ಗುರುಗಳ ಹಿಂದೆ ತಟ್ಟೆ ಹಿಡ್ಕೊಂಡು ಓಡಾಡ್ದೆ."

"ನಿಮ್ಮದು ಶಕ್ತಿ ಹರಿಯೋ ದಾರಿಗೆ ಹಾಕೋ ಸೂಜಿ ಸ್ವಾಮಿ. ನಮ್ಮದು ಸ್ನಾಯುವಿಗೆ. ಎರಡೂ ಬೇರೆ."

"ಸೂಜಿಗೆ ಅದು ಗೊತ್ತಾ?" ಅಂದುಬಿಟ್ಟರು ಅಜ್ಜ. ಅಂಗಡಿಯವನು ಬಿಲ್ಲು ಬರೆಯುವುದು ಬಿಟ್ಟು ನಕ್ಕ. ಹೋಗುವಾಗ ಇನ್ನೊಂದು ಮಾತು ಸೇರಿಸಿದರು: "ಹಾಕೋದು ಒಂದು ವರ್ಷದಲ್ಲಿ ಬಂತು ನಂಗೆ. ತೆಗೆಯೋದು ಬರೋಕೆ ಐದು ವರ್ಷ ಬೇಕಾಯ್ತು."

ತೆಗೆಯುವುದರಲ್ಲಿ ಕಲಿಯುವುದು ಏನಿದೆ? ಹಿಡಿದೆಳೆದರೆ ಬರುತ್ತದೆ. ಭಾಷಣದಲ್ಲಿ ಇವರನ್ನು ಗೌರವದಿಂದಲೇ ಒಂದು ಸಲ ಚಿವುಟಬೇಕು.

ಸೆಪ್ಟೆಂಬರ್ 9, ಮಂಗಳವಾರ

ಭಾಷಣ ಮುಗಿಯಿತು. ಕಾರ್ಯದರ್ಶಿಗೆ ಒಂದು ಪ್ರತಿ ಕಳಿಸಿದೆ. ನಾಲ್ಕು ನಿಮಿಷ ಐವತ್ತು ಸೆಕೆಂಡು. ನಮ್ಮೆಜಮಾನರು ಗಡಿಯಾರ ರಿಪೇರಿಯವರು, ಮನೆಯಲ್ಲಿ ಸಮಯ ನೋಡಲು ಕೊರತೆಯಿಲ್ಲ. "ಚೆನ್ನಾಗಿದೆ. ಉಸಿರು ತಗೊಳ್ಳೋಕೆ ಹತ್ತು ಸೆಕೆಂಡು ಉಳ್ಸಿದೀಯ" ಅಂದರು.

ಕ್ಲಿನಿಕ್ಕಿನಲ್ಲಿ ಒಂಬತ್ತು ಜನ. ಕೊನೆಗೆ ಟೈಲರ್ ಬಂದಿದ್ದರು. ಒಂದು ವರ್ಷದ ಹಿಂದೆ ಬಲಗೈಯಲ್ಲಿ ಕತ್ತರಿ ಎತ್ತಲಾಗದೆ ಅಂಗಡಿ ಮುಚ್ಚಲು ಹೊರಟಿದ್ದ ಮನುಷ್ಯ, ಈಗ ದಿನಕ್ಕೆ ಎರಡು ಕೋಟು ಕತ್ತರಿಸುತ್ತಾರೆ. ಬಲ ಹೆಗಲ ಮೂಳೆಯ ಒಳ ಅಂಚಿಗೆ ಆರು ಸೂಜಿ ಹಾಕಿದ್ದೆ. ತೆಗೆಯುವ ಹೊತ್ತಿಗೆ ಸರಿಯಾಗಿ ಕಾರ್ಯದರ್ಶಿಯ ಫೋನು. "ಭಾಷಣ ಬೆಂಕಿ ಮೇಡಂ, ಬೆಂಕಿ!" ಎಂದು ಒಂದೇ ಸಮ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು (ರೋಗಿಗಳು ಹೀಗೆ ಮಾಡಿದರೆ ಬೈಯುವುದು ನಾನೇ) ಒಂದು ಕೈಯಲ್ಲಿ ಸೂಜಿ ಕಿತ್ತು ಬಳಸಿದ ಸೂಜಿಯ ಹಳದಿ ಡಬ್ಬಕ್ಕೆ ಹಾಕಿದೆ. ಟೈಲರ್ ಅಂಗಿ ಹಾಕಿಕೊಂಡು, "ಹಗುರ ಆಯ್ತು ಮೇಡಂ" ಎಂದು ಬಸ್ಸಿಗೆ ಓಡಿದರು.

ಒಳ್ಳೆಯ ದಿನ.

ಸೆಪ್ಟೆಂಬರ್ 11, ಗುರುವಾರ

ಬರೆಯುವ ಮನಸ್ಸಿಲ್ಲ. ಆದರೂ ಬರೆಯುತ್ತೇನೆ. ಬರೆದರೆ ವಿಷಯ ಸಣ್ಣದಾಗುತ್ತದೇನೋ.

ಹನ್ನೊಂದು ಗಂಟೆಗೆ ಟೈಲರ್ ಬಂದರು. ಅಪಾಯಿಂಟ್‌ಮೆಂಟ್ ಇರಲಿಲ್ಲ. ಜೇಬಿನಿಂದ ಬಟ್ಟೆಯ ತುಂಡೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು. ಒಳಗೆ ಒಂದು ಸೂಜಿ, ಬಾಗಿದ್ದು.

"ಅಂಗಿ ಬೆನ್ನಲ್ಲಿ ಸಿಕ್ಕಾಕೊಂಡಿತ್ತು ಮೇಡಂ. ನಮ್ಮನೇಲಿ ಎಲ್ಲಿ ಕೂತ್ರೂ ಸೂಜಿನೇ, ನಂದೇ ಅಂದ್ಕೊಂಡೆ. ನೋಡಿದ್ರೆ ಇದಕ್ಕೆ ಕಣ್ಣೇ ಇಲ್ಲ! ಕಣ್ಣಿಲ್ಲದ ಸೂಜಿ ನಾನ್ಯಾಕೆ ಇಟ್ಕೊಳ್ಳಲಿ? ನಿಮ್ಮದೇ ಇರ್ಬೇಕು, ಕೊಟ್ಟು ಹೋಗಣ ಅಂತ ಬಂದೆ."

ನಕ್ಕರು. ನಾನೂ ನಕ್ಕೆ. ಛತ್ರಿ ಮರೆತು ಹೋದವರಿಗೆ ಛತ್ರಿ ಕೊಡುವ ಹಾಗೆ ಕೊಟ್ಟು ಹೋದರು.

ಹಿಡಿಯಿದೆ, ಅದಕ್ಕೆ ಸುತ್ತಿದ ತಂತಿಯ ಸುರುಳಿಯಿದೆ. ಉದ್ದ ಮಾತ್ರ ಕಡಿಮೆ. ಅವರಿಗೆ ಹಾಕಿದ್ದು ನಲವತ್ತು ಮಿಲಿಮೀಟರಿನದು. ಇದು ಇಪ್ಪತ್ತಾರೋ ಇಪ್ಪತ್ತೇಳೋ. ಬಾಗಿದ್ದರಿಂದ ಹಾಗೆ ಕಾಣುತ್ತದೆ. ಬಾಗಿದ್ದನ್ನು ಅಳೆದರೆ ಕಡಿಮೆಯೇ ಬರುತ್ತದೆ.

ಅವರ ಕಾರ್ಡು ತೆಗೆದೆ. ಒಂಬತ್ತನೆಯ ತಾರೀಖು: ಹಾಕಿದ್ದು ಆರು, ತೆಗೆದದ್ದು ಆರು.

ಆರು ತೆಗೆದಿದ್ದರೆ ಇದು ಎಲ್ಲಿಂದ ಬಂತು? ರಿಸೆಪ್ಷನ್ ಅಕ್ಕನನ್ನು ಕರೆದೆ. ಇವರನ್ನು ನಾನು ಶೀಘ್ರಲಿಪಿ ಅನ್ನುತ್ತೇನೆ, ನಾನು ಹೇಳಿ ಮುಗಿಸುವ ಮುಂಚೆ ಬರೆದು ಮುಗಿಸುತ್ತಾರೆ.

"ಅಕ್ಕಾ, ಈ ತೆಗೆದಿದ್ದು ಕಾಲಂ ಯಾವಾಗ ತುಂಬ್ತೀರಿ?"

"ನೀವು ಹಾಕಿದಾಗ 'ಆರು' ಅಂತ ಕೂಗ್ತೀರಲ್ಲ, ಆವಾಗ್ಲೇ."

"ಎರಡೂ?"

"ಎರಡೂನೂ. ಹಾಕಿದ್ದು ಆರಾದ್ಮೇಲೆ ತೆಗೆಯೋದು ಏಳಾಗತ್ತಾ ಮೇಡಂ?"

ಹಳೆಯ ಕಾರ್ಡುಗಳನ್ನೆಲ್ಲ ಇಳಿಸಿದೆ. ನಾಲ್ಕು ವರ್ಷದವು. ಎಲ್ಲದರಲ್ಲೂ ಎರಡು ಅಂಕಿ ಒಂದೇ ಶಾಯಿ, ಒಂದೇ ಓರೆ, ಒಂದೇ ಉಸಿರಿನಲ್ಲಿ ಬರೆದಂತಿವೆ. ಅಕ್ಕನದು ತಪ್ಪಲ್ಲ. ಎರಡನೆಯ ಸಲ ನಾನು ಒಂದು ದಿನವೂ ಕೂಗಿಲ್ಲ. ಕಾಲಂ ಎಳೆದವಳು ನಾನು, ಅದರೊಳಗೆ ಏನು ಬೀಳುತ್ತಿದೆ ಎಂದು ಬಗ್ಗಿ ನೋಡದವಳೂ ನಾನೇ.

ಸೆಪ್ಟೆಂಬರ್ 12, ಶುಕ್ರವಾರ

ನಡೆದದ್ದು ಹೀಗಿರಬೇಕು. ಆರರಲ್ಲಿ ಐದು ತೆಗೆದೆ. ಒಂದು ಬೆನ್ನಲ್ಲೇ ಉಳಿಯಿತು. ಅದರ ಮೇಲೆ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ಹಿಂದಕ್ಕೆ ಒರಗಿದರು. ಸೂಜಿ ಬಾಗಿ ಹೊರಕ್ಕೆ ಬಂತು.

ಅಷ್ಟೇ. ಪೂರ್ತಿ ಬಂತು.

ಎಜಮಾನರ ಹತ್ತಿರ ಗಡಿಯಾರದ ಭೂತಗನ್ನಡಿ ಇದೆ. ಕೇಳಲಿಲ್ಲ. ಕೇಳಿದರೆ ಅವರು ನೋಡುತ್ತಾರೆ.

ಸೆಪ್ಟೆಂಬರ್ 13, ಶನಿವಾರ

ಏಳು ಜನ ರೋಗಿಗಳು. ಸೂಜಿ ಹಾಕಲಿಲ್ಲ. ಸ್ಟಾಕು ಮುಗಿದಿದೆ ಅಂದೆ. ನಾಲ್ಕು ಡಬ್ಬ ಕಪಾಟಿನಲ್ಲಿವೆ.

ಫೋನು ಬಡಿದುಕೊಂಡಾಗಲೆಲ್ಲ ಅಕ್ಕನ ಮುಖ ನೋಡುತ್ತೇನೆ. "ಯಾರಂತೆ?" "ನಾಳೆ ಭಾನುವಾರ ಕ್ಲಿನಿಕ್ ತೆಗೀತೀರಾ ಅಂತ ಯಾರೋ." ಟೈಲರ್ ಮನೆಯವರಲ್ಲ.

ಚರ್ಮದಿಂದ ಪಕ್ಕೆಲುಬಿಗೆ ಅವರ ಮೈಕಟ್ಟಿನಲ್ಲಿ ಎಷ್ಟು ಮಿಲಿಮೀಟರ್ ಇರಬಹುದು? ಸಣಕಲು ಮನುಷ್ಯ. ಪಕ್ಕೆಲುಬಿನ ಕೆಳಗೆ ಶ್ವಾಸಕೋಶ. ಇದನ್ನು ಇಪ್ಪತ್ತೈದು ವರ್ಷದಿಂದ ಬಲ್ಲೆ. ಇವತ್ತು ಮೊದಲ ಸಲ ಗೊತ್ತಾದ ಹಾಗೆ ಕುರ್ಚಿಯಲ್ಲಿ ಕೂತುಬಿಟ್ಟೆ.

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆ ಎಜಮಾನರು ಕಿಟಕಿ ಪಕ್ಕ ಒಂದು ಹೆಂಗಸರ ವಾಚು ಬಿಚ್ಚಿಕೊಂಡು ಕೂತಿದ್ದರು. ಬಟ್ಟೆಯ ತುಂಡನ್ನು ಅವರ ಮುಂದೆ ಇಟ್ಟೆ.

"ಏನೇ ಇದು?"

"ನೋಡಿ ಹೇಳ್ರೀ. ತುದಿ ಇದೆಯಾ ಇಲ್ವಾ, ಅಷ್ಟು ಹೇಳಿ."

ಕಣ್ಣಿಗೆ ಗಾಜು ಸಿಕ್ಕಿಸಿಕೊಂಡರು. ಬೆಳಕಿಗೆ ಹಿಡಿದರು. ಒಂದು ಸಲ ತಿರುಗಿಸಿದರು. ಎಷ್ಟು ಹೊತ್ತು! ಈ ಮನುಷ್ಯ ಯಾವುದನ್ನೂ ಅವಸರದಲ್ಲಿ ನೋಡಿದ್ದಿಲ್ಲ.

"ತುದಿ ಇಲ್ಲ ಕಣೇ. ಮುರಿದಿದೆ. ಮೊಂಡಾಗಿ ಕಾಣ್ತಿದೆ." ಗಾಜು ತೆಗೆಯದೆಯೇ ಕೇಳಿದರು, "ಉಳಿದಿದ್ದು ಎಲ್ಲಿದೆ?"

ಎಲ್ಲ ಹೇಳಿದೆ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ನಾನು ಹೇಳುವಾಗ ಅವರು ಒಂದೂ ಕೀಟಲೆ ಮಾಡದೆ ಕೇಳಿದ್ದು ಇದೇ ಮೊದಲು. ಅದರಿಂದಲೇ ಹೆಚ್ಚು ಭಯವಾಯಿತು.

"ಬಸ್ಸಿನ ಸೀಟಲ್ಲಿ ಉಳಿದಿರಬಹುದಲ್ವಾ?" ಅಂದೆ.

"ಇರಬಹುದು."

"ಅಂಗಿ ಒಗೆದಾಗ ಹೋಗಿರಬಹುದು."

"ಇರಬಹುದು ಕಣೇ. ಅವ್ರಿಗೆ ಹೇಳಿದ್ಯಾ?"

ಎದ್ದು ಹೋಗಿ ಅನ್ನಕ್ಕೆ ಇಟ್ಟೆ.

ಸೆಪ್ಟೆಂಬರ್ 15, ಸೋಮವಾರ

ಟೈಲರ್ ಅಂಗಡಿಗೆ ಹೋದೆ. ಹೇಳಬೇಕಾದದ್ದನ್ನು ದಾರಿಯಲ್ಲಿ ಮೂರು ಸಲ ಜೋಡಿಸಿಕೊಂಡಿದ್ದೆ. ಅಲ್ಲಿ ಒಬ್ಬ ಗಿರಾಕಿಗೆ ಕೋಟು ತೊಡಿಸಿ ನೋಡುತ್ತಿದ್ದರು, ಮೈತುಂಬ ಗುಂಡುಸೂಜಿ. ಕೋಟು ಬಿಚ್ಚಿಸಿ, ಸೂಜಿಗಳನ್ನು ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕುತ್ತ ಬಾಯಲ್ಲಿ ಎಣಿಸಿದರು. ಹದಿನೇಳು. "ಬರೋವಾಗ ಹದಿನೇಳು, ಹೋಗೋವಾಗ ಹದಿನೇಳು. ಒಂದು ಕಮ್ಮಿ ಆದ್ರೂ ಕೋಟು ಅಂಗಡಿ ದಾಟಲ್ಲ ಮೇಡಂ. ಯಾರ ಸೊಂಟಕ್ಕೆ ಚುಚ್ಚತ್ತೋ ಏನೋ!" ನನಗೆ ಚುಚ್ಚಬೇಕೆಂದು ಅಂದದ್ದಲ್ಲ. ಕೆಲಸದ ಹೆಮ್ಮೆ.

ಗಿರಾಕಿ ಹೋದ ಮೇಲೆ ಹೇಳಿದೆ. ಜೋಡಿಸಿಕೊಂಡದ್ದು ಒಂದೂ ಬರಲಿಲ್ಲ. "ಅರ್ಧ ಸೂಜಿ ನಿಮ್ಮ ಬೆನ್ನೊಳಗೆ ಇರಬಹುದು. ನನ್ನಿಂದ. ಎಕ್ಸ್‌ರೇ ತೆಗೆಸ್ಬೇಕು."

ಅವರು ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈ ಇಟ್ಟರು. ವಿಚಾರಣೆಯ ವಿಷಯವನ್ನು ನಾನೇ ರೋಗಿಗಳಿಗೆಲ್ಲ ಹೇಳಿಕೊಂಡಿದ್ದೆ, ಆದರೂ ಅವರು ಕೇಳಿದ್ದು ನಾನು ಎಣಿಸಿರದ ಪ್ರಶ್ನೆ.

"ನಿಮ್ಮ ಭಾಷಣ ಯಾವತ್ತು?"

"ಹದಿನೆಂಟಕ್ಕೆ."

"ಎಕ್ಸ್‌ರೇಲಿ ಅದು ಕಂಡ್ರೆ ಆಸ್ಪತ್ರೆಯವ್ರು ಬರ್ಕೊಳ್ತಾರೆ. ಬರ್ಕೊಂಡ್ರೆ ಮಂಡಳಿಗೆ ಹೋಗತ್ತೆ. ನಿಮ್ಮೆಲ್ರ ಸೂಜಿ ಕಿತ್ಕೊಳ್ತಾರೆ. ಆಮೇಲೆ ನನ್ನ ಕೈಗೆ ಯಾರು ದಿಕ್ಕು?" ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದರು. "ಇದು ಇಷ್ಟು ಏಳ್ತಿರ್ಲಿಲ್ಲ. ಹತ್ತೊಂಬತ್ತಕ್ಕೆ ಹೋಗಣ ಮೇಡಂ. ಆರು ದಿನ ಇದ್ದದ್ದು ಇನ್ನು ನಾಲ್ಕು ದಿನ ಇರಲ್ವಾ? ನಾನು ಯಾರಿಗೂ ಬಾಯಿ ಬಿಡಲ್ಲ."

ನನ್ನ ಜೊತೆ ವಾದಕ್ಕೆ ನಿಂತು ಗೆದ್ದವರನ್ನು ಬೆರಳಲ್ಲಿ ಎಣಿಸಬಹುದು. ಟೈಲರ್ ಒಂದೇ ಉಸಿರಿಗೆ ಗೆದ್ದರು. "ಸರಿ" ಅಂದುಬಿಟ್ಟೆ. ಆ ಸರಿ ಬಾಯಿಂದ ಎಷ್ಟು ಸಲೀಸಾಗಿ ಬಂತು!

ಸೆಪ್ಟೆಂಬರ್ 16, ಮಂಗಳವಾರ

ಸರಿ ಅಂದದ್ದು ತಪ್ಪು.

ಕಾರ್ಯದರ್ಶಿಗೆ ಹೇಳಿದೆ, ಫೋನಿನಲ್ಲಿ. ಬೇರೆ ಯಾರೋ ಗುರುತಿನ ಥೆರಪಿಸ್ಟಿಗೆ ಹೀಗಾಗಿದೆ ಎಂದು ತೇಲಿಸಿ. ಅವರು ದಡ್ಡರಲ್ಲ.

"ಮೇಡಂ, ಆ ಗುರುತಿನವ್ರಿಗೆ ಹೇಳಿ, ಹದಿನೆಂಟರವರೆಗೆ ಆರಾಮಾಗಿರಿ ಅಂತ."

"ಆಮೇಲೆ?"

"ಆಮೇಲೆ ಬೇಕಿದ್ರೆ ಅವರ ತಾತನಿಗೂ ಎಕ್ಸ್‌ರೇ ಮಾಡಿಸ್ಲಿ. ಮೂವತ್ತೆಂಟು ಕ್ಲಿನಿಕ್ ಇದೆ ಮೇಡಂ, ಮೂವತ್ತೆಂಟು ಮನೆ."

ಮೂವತ್ತೆಂಟು ಕ್ಲಿನಿಕ್. ಅಲ್ಲಿ ಯಾರಾದರೂ ತೆಗೆದದ್ದನ್ನು ಎಣಿಸುತ್ತಾರೆಯೇ? ಕೇಳಲು ಧೈರ್ಯ ಬರಲಿಲ್ಲ. ಕಾಲಂ ಇಟ್ಟವಳು ನಾನೊಬ್ಬಳೇ ಎಂದು ಬೀಗಿದ್ದೆ. ಅವರ ಹತ್ತಿರ ಕಾಲಂ ಕೂಡ ಇಲ್ಲ.

ಸೆಪ್ಟೆಂಬರ್ 17, ಬುಧವಾರ

ಹತ್ತು ಗಂಟೆಗೆ ಟೈಲರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಹತ್ತೂವರೆಗೆ ಎತ್ತಲಿಲ್ಲ. ಹನ್ನೊಂದಕ್ಕೆ ಇಲ್ಲ. ಮಂಚದ ಮೇಲೆ ಮಲಗಿದ್ದ ರೋಗಿಗೆ "ಈಗ ಬಂದೆ" ಎಂದು ಹೇಳಿ ಮೆಟ್ಟಿಲಿಳಿದವಳು ಚಪ್ಪಲಿಯನ್ನು ಎಡಬಲ ಅದಲುಬದಲು ಹಾಕಿಕೊಂಡೇ ನಾಲ್ಕು ಬೀದಿ ಓಡಿದೆ. ತಲೆಯೊಳಗೆ ಒಂದೇ ಚಿತ್ರ: ಮುಚ್ಚಿದ ಬಾಗಿಲು.

ಬಾಗಿಲು ತೆರೆದೇ ಇತ್ತು. ಯಂತ್ರದ ಸದ್ದಿನಲ್ಲಿ ಫೋನು ಕೇಳಿಸಿಲ್ಲ, ಅಷ್ಟೆ. ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತು ಗುಂಡಿ ಹೊಲಿಯುತ್ತಿದ್ದರು.

"ಯಾಕೆ ವಾಲಿ ಕೂತಿದೀರಿ?"

"ಏನಿಲ್ಲ ಮೇಡಂ. ಉಸಿರು ಪೂರ್ತಿ ಎಳ್ದಾಗ ಒಂದು ಚುಕ್ಕಿಯಷ್ಟು ಚುಚ್ಚತ್ತೆ. ನೆನ್ನೆಯಿಂದ. ಕೂತ ಭಂಗಿ ಸರಿ ಇರ್ಲಿಲ್ವೇನೋ."

ಮೂಲೆಯಲ್ಲಿ ಕೋಟು ತೊಡಿಸುವ ಬಟ್ಟೆಯ ಗೊಂಬೆ ಇತ್ತು. ಮೇಜಿನ ಮೇಲಿದ್ದ ಸೀಮೆಸುಣ್ಣದ ಬಿಲ್ಲೆ ತೆಗೆದುಕೊಂಡು ಗೊಂಬೆಯ ಬೆನ್ನ ಮೇಲೆ ಗೆರೆ ಎಳೆದೆ: ಇದು ಹೆಗಲ ಮೂಳೆ, ಇವು ಪಕ್ಕೆಲುಬು, ಇಲ್ಲಿಂದ ಒಳಗೆ ಉಸಿರಿನ ಚೀಲ. ಒಂದು ಗುಂಡುಸೂಜಿಯನ್ನು ತಲೆಯವರೆಗೂ ಒತ್ತಿದೆ. "ನೀವು ಕತ್ತರಿ ಎತ್ತಿದಾಗಲೆಲ್ಲ ಈ ಸ್ನಾಯು ಹೊರಳುತ್ತೆ. ಹೊರಳಿದಾಗಲೆಲ್ಲ ಅದು ಒಂದೊಂದು ಎಳೆ ಒಳಕ್ಕೆ ಹೋಗಬಹುದು. ಹೋಗದೆಯೂ ಇರಬಹುದು. ನಂಗೆ ಗೊತ್ತಿಲ್ಲ."

"ಭಾಷಣ..."

"ನಾಳೆ ಒಂಬತ್ತೂವರೆಗೆ ಬಂದು ಕರ್ಕೊಂಡು ಹೋಗ್ತೀನಿ."

ಗೊಂಬೆಯಲ್ಲಿ ಮುಳುಗಿದ ಸೂಜಿಯನ್ನು ಅವರು ಉಗುರಿನಿಂದ ಹುಡುಕಿದರು. ಸಿಗಲಿಲ್ಲ. ಎರಡು ಸಲ ಬಟ್ಟೆ ಹಿಸುಕಿ ನೋಡಿದರು. ಆಗ ಮೊದಲ ಸಲ ಅವರ ಮುಖದಲ್ಲಿ ಹೆದರಿಕೆ ಕಂಡಿತು. ನಾನೇ ಹುಟ್ಟಿಸಿದ್ದು. ಪಕ್ಕದ ಸ್ಟೂಲಿನಲ್ಲಿ ಕೂತೆ. ಗುಂಡಿ ಹೊಲಿದು ಮುಗಿಸುವವರೆಗೂ ದಾರ ಕತ್ತರಿಸಿ ಕೊಡುತ್ತಿದ್ದೆ.

ಸಿಮೆಂಟ್ ಮೂಟೆಯವನಿಗೂ ಒಂದು ಫೋನು ಮಾಡಿ, ಸೂಜಿಯಿಲ್ಲದೆಯೂ ಚಿಕಿತ್ಸೆ ಇದೆ, ಬನ್ನಿ ಎಂದು ಹೇಳಬೇಕು.

ಸೆಪ್ಟೆಂಬರ್ 18, ಗುರುವಾರ

ವಿಚಾರಣೆ ಹನ್ನೊಂದಕ್ಕೆ. ಎಕ್ಸ್‌ರೇ ಸಾಲಿನಲ್ಲಿ ನಮ್ಮ ಮುಂದೆ ಹದಿನಾಲ್ಕು ಜನ. ಹತ್ತೂವರೆಗೆ ಕಾರ್ಯದರ್ಶಿಗೆ "ಬರಲಾಗುವುದಿಲ್ಲ" ಎಂದು ಸಂದೇಶ ಕಳಿಸಿ ಫೋನಿನ ಸದ್ದು ಅಡಗಿಸಿದೆ. ಅದು ಕೈಚೀಲದೊಳಗೆ ಜೀವ ಇರುವ ಪ್ರಾಣಿಯಂತೆ ಒದ್ದಾಡುತ್ತಲೇ ಇತ್ತು.

ಕಾರಿಡಾರಿನಲ್ಲಿ ಟೈಲರ್ ಹೆಂಡತಿ ಸಿಕ್ಕಿದರು. ಇವತ್ತೇ ಮೊದಲು ನೋಡಿದ್ದು.

"ನೀವೇನಾ ಸೂಜಿ ಮೇಡಂ?"

"ಹೌದಮ್ಮಾ."

"ಇವ್ರು ನಿಮ್ಮನ್ನ ದೇವ್ರು ಅಂತಿದ್ರು. ನಾನು ನಂಬಿರ್ಲಿಲ್ಲ." ಗಂಡನ ಕಡೆ ನೋಡಿ, "ನಂಬದೇ ಇದ್ದದ್ದು ಒಳ್ಳೇದಾಯ್ತು" ಅಂದರು.

ಟೈಲರ್ ಒಳಗೆ ಹೋಗುವಾಗ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಹೆಂಡತಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

ಹನ್ನೊಂದು ಮುಕ್ಕಾಲಿಗೆ ಡಾಕ್ಟರು ಕರೆದು ಪರದೆ ತೋರಿಸಿದರು. ಬೂದು ಬಣ್ಣದ ಪಕ್ಕೆಲುಬುಗಳ ಸಾಲಿನ ನಡುವೆ ಒಂದು ಬಿಳಿ ಗೆರೆ. ಸ್ಕೇಲಿಟ್ಟು ಎಳೆದಷ್ಟು ನೇರ. ದೇಹದಲ್ಲಿ ಅಷ್ಟು ನೇರವಾದದ್ದು ಏನೂ ಇರುವುದಿಲ್ಲ. ಹದಿಮೂರು ಮಿಲಿಮೀಟರ್. ಉಸಿರಿನ ಚೀಲದ ಹೊದಿಕೆಗೆ ನಾಲ್ಕು ಮಿಲಿಮೀಟರ್ ಉಳಿದಿತ್ತು.

"ಯಾರು ಹಾಕಿದ್ದು ಇದನ್ನ?" ಅಂದರು ಡಾಕ್ಟರು, ಫಾರಂ ಮೇಲೆ ಪೆನ್ನಿಟ್ಟುಕೊಂಡು.

ಟೈಲರ್ ನನ್ನ ಮುಖ ನೋಡಿ ಬೇಡ ಎಂದು ಕಣ್ಸನ್ನೆ ಮಾಡಿದರು. ನನ್ನ ಹೆಸರು ಹೇಳಿದೆ. ನೋಂದಣಿ ಸಂಖ್ಯೆ ಕೇಳಿದರು. ಅದನ್ನೂ ಹೇಳಿದೆ. ಬಾಯಿಪಾಠವಾಗಿದ್ದ ಸಂಖ್ಯೆ ಒಂದು ಸಲ ತಪ್ಪಿತು.

ಹೊರಗೆ ಬಂದು ಫೋನು ನೋಡಿದರೆ ಇಪ್ಪತ್ತೆರಡು ಕರೆ, ಕೊನೆಗೆ ಒಂದು ಸಂದೇಶ. "ಗೆದ್ದೆವು!! ಒಂಬತ್ತಕ್ಕೆ ನಾಲ್ಕು! ನಿಮ್ಮ ಭಾಷಣ ನಾನೇ ಓದಿದೆ. ಹನ್ನೊಂದು ಸಾವಿರ ಸೂಜಿ, ಒಂದೂ ಉಳಿದಿಲ್ಲ ಅಂದಾಗ ಅಧ್ಯಕ್ಷರೇ ತಲೆ ಆಡಿಸಿದರು. ಅಜ್ಜನ ಬಾಯಿ ಬಂದ್!"

ಸೆಪ್ಟೆಂಬರ್ 19, ಶುಕ್ರವಾರ

ತೆಗೆದರು. ನಲವತ್ತು ನಿಮಿಷ. ಒಂದು ಇಂಚಿನ ಗಾಯ, ಮೂರು ಹೊಲಿಗೆ. ಹೊಲಿಗೆ ಅಂಕುಡೊಂಕು ಎಂದು ಟೈಲರ್ ಆಗಲೇ ಡಾಕ್ಟರ ಮೇಲೆ ದೂರು ಹೇಳುತ್ತಿದ್ದರು.

ಆಸ್ಪತ್ರೆಯ ಬಿಲ್ಲು ನಾನೇ ಕಟ್ಟಿದೆ.

ಸೆಪ್ಟೆಂಬರ್ 22, ಸೋಮವಾರ

ಮೂರು ದಿನ ಜನ ಅಭಿನಂದನೆ ಹೇಳಲು ಬಂದರು. ಒಬ್ಬಳು ಹೂವಿನ ಗುಚ್ಛ ತಂದಿದ್ದಳು. ಹೊರ ಊರಿನ ಒಬ್ಬ ಥೆರಪಿಸ್ಟ್ ನನ್ನ ಕಾರ್ಡಿನ ಮಾದರಿ ಕೇಳಿದ, ಎರಡು ಕಾಲಂ ಇರುವುದು. ಆಮೇಲೆ ಕೊಡುತ್ತೇನೆ ಅಂದೆ.

ಇವತ್ತು ಮಂಡಳಿಗೆ ಪತ್ರ ಬರೆದೆ. ಐದು ನಿಮಿಷದ ಭಾಷಣಕ್ಕೆ ನಾಲ್ಕು ಪುಟ ಹಿಡಿದಿತ್ತು. ಇದಕ್ಕೆ ನಾಲ್ಕು ಸಾಲು ಸಾಕಾಯಿತು. ಹಾಕಿದ ಸೂಜಿಗಳ ಲೆಕ್ಕ ನಿಜ. ತೆಗೆದವುಗಳನ್ನು ನಾನು ಎಣಿಸಿಲ್ಲ. ಒಂದು ಸೂಜಿ ಒಬ್ಬ ರೋಗಿಯ ಬೆನ್ನಲ್ಲಿ ಮುರಿದು ಉಳಿದಿತ್ತು, ಹತ್ತೊಂಬತ್ತರಂದು ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದಾರೆ. ಭಾಷಣದ ಆ ಸಾಲನ್ನು ನಂಬಿ ನೀವು ಮತ ಹಾಕಿದ್ದರೆ ಮತ್ತೊಮ್ಮೆ ಯೋಚಿಸಿ.

ಎಜಮಾನರಿಗೆ ಓದಿ ಹೇಳಿದೆ. "ಎಷ್ಟು ಸೆಕೆಂಡು?" ಅಂದೆ. ಅವರು ಗಡಿಯಾರ ನೋಡಿರಲಿಲ್ಲ.

ಕೈಯಾರೆ ಕೊಟ್ಟು ಬಂದೆ. ಗುಮಾಸ್ತ ಓದದೆ ಮುದ್ರೆ ಒತ್ತಿ "ಉತ್ತರ ಬರತ್ತೆ" ಅಂದ. ವಾಪಸು ಬಂದು ಶೀಘ್ರಲಿಪಿ ಅಕ್ಕನೂ ನಾನೂ ಕಾರ್ಡು ಹಿಡಿದು ಕೂತು, ಸೂಜಿ ಹಾಕಿಸಿಕೊಂಡ ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದೇವೆ. ಇವತ್ತು ಐವತ್ತೊಂದು ಜನ. ಯಾರಾದರೂ "ಒಂದ್ನಿಮಿಷ ಇರಿ" ಎಂದು ಬೆನ್ನು ಮುಟ್ಟಿ ನೋಡಿಕೊಳ್ಳಲು ಹೋದಾಗ ಅಕ್ಕ ನನ್ನ ಕೈ ಹಿಡಿದುಕೊಳ್ಳುತ್ತಾರೆ.

ಸೆಪ್ಟೆಂಬರ್ 26, ಶುಕ್ರವಾರ

ಮಂಡಳಿ ಅನುಮತಿಯನ್ನು ತಡೆಹಿಡಿದಿದೆ, ತನಿಖೆ ಮುಗಿಯುವವರೆಗೆ, ಮೂವತ್ತೆಂಟು ಕ್ಲಿನಿಕ್ಕಿಗೂ. ನನಗೆ ಬೇರೆಯೇ ನೋಟಿಸು. ಕಾರ್ಯದರ್ಶಿ ಫೋನಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಾತು ಮಾತ್ರ: "ಒಂದು ಸೂಜಿಗೆ ಹನ್ನೊಂದು ಸಾವಿರವನ್ನ ಬಲಿ ಕೊಟ್ರಲ್ಲ ಮೇಡಂ!"

ಅವರದೂ ಸುಳ್ಳಲ್ಲ. ಆ ಹನ್ನೊಂದು ಸಾವಿರದಲ್ಲಿ ಕತ್ತು ತಿರುಗಿದವರಿದ್ದಾರೆ, ಕೈ ಎದ್ದವರಿದ್ದಾರೆ. ಫಿಸಿಯೋಥೆರಪಿಸ್ಟರಿಗೆ ಸೂಜಿ ಕೊಡಬೇಕೋ ಬೇಡವೋ ಎಂದು ಈಗ ಯಾರಾದರೂ ಕೇಳಿದರೆ ನನ್ನ ಹತ್ತಿರ ಐದು ನಿಮಿಷದ ಉತ್ತರವಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಮಧ್ಯಾಹ್ನ ಟೈಲರ್ ಬಂದರು. ಸಿಡಿಮಿಡಿ ಎನ್ನುತ್ತಲೇ ಮೆಟ್ಟಿಲು ಹತ್ತಿದರು.

"ಹೇಳಿದ್ದೆ ತಾನೇ ನಾನು? ಬಾಯಿ ಬಿಡಲ್ಲ ಅಂದಿದ್ದೆ ತಾನೇ? ನೀವೇ ಹೋಗಿ ಬಾಯಿ ಬಿಟ್ರಿ! ಈಗ ನನ್ನ ಭುಜದ ಗತಿ ಏನು?"

"ಎದುರಿನ ಅಜ್ಜನ ಹತ್ರ ಹೋಗಿ. ಅವರು ಎಣಿಸ್ತಾರೆ."

"ಅಜ್ಜ ನನ್ನ ಭುಜ ಬಲ್ಲರಾ?" ಅಂಗಿ ಬಿಚ್ಚಿ ಎಸೆದು ಮಂಚದ ಮೇಲೆ ಬೋರಲು ಮಲಗಿದರು. ತೋಳು ಮತ್ತೆ ಬಿಗಿದಿತ್ತು, ಮಂಚದ ಅಂಚಿನಿಂದ ಪೂರ್ತಿ ಇಳಿಬೀಳುತ್ತಿರಲಿಲ್ಲ. ಹೊಲಿಗೆ ಬಿಚ್ಚಿದ ಗಾಯ ಇನ್ನೂ ಕೆಂಪು. "ಸೂಜಿ ಇಲ್ಲ ಅಂದ್ರೆ ಕೈ ಇಲ್ವಾ? ಸೂಜಿ ಬರೋ ಮುಂಚೆ ಏನ್ಮಾಡ್ತಿದ್ರಿ?"

ಕೈಯಿಂದಲೇ ಮಾಡುತ್ತಿದ್ದೆ. ಹದಿನೆಂಟು ವರ್ಷ.

ಗಾಯದಿಂದ ಎರಡು ಬೆರಳು ಮೇಲೆ ಹೆಬ್ಬೆರಳು ಇಟ್ಟೆ. ಚರ್ಮದ ಕೆಳಗೆ ಗಂಟು ಸಿಕ್ಕಿತು, ಕಡಲೆಕಾಳಿನಷ್ಟು. ಒತ್ತಲು ಆಗಲಿಲ್ಲ. ಒಳಗೆ ಇನ್ನೂ ಏನೋ ಇರುವಂತೆ, ಒತ್ತಿದರೆ ಅದು ಇಳಿಯುವಂತೆ. ಶಸ್ತ್ರಚಿಕಿತ್ಸೆಯಾದ ಮೇಲೆ ಇಲ್ಲ ಎಂದು ಪರದೆಯ ಮೇಲೆ ಕಣ್ಣಾರೆ ನೋಡಿದ್ದೆ, ಕಾಗದದ ಮೇಲೆ ಓದಿದ್ದೆ. ಬೆರಳಿಗೆ ಅದು ತಿಳಿಯಲಿಲ್ಲ.

"ಏನ್ಮೇಡಂ, ಕೈ ನಿಂತೇ ಹೋಯ್ತು?"

"ಹೂಂ."

ಅವರು ಮುಖವನ್ನು ದಿಂಬಿನಲ್ಲೇ ಇಟ್ಟುಕೊಂಡು ಒಂದು ಉದ್ದ ಉಸಿ‌ರು ಎಳೆದರು, ಪೂರ್ತಿ. ಬೆನ್ನು ನನ್ನ ಹೆಬ್ಬೆರಳಿನ ಕೆಳಗೆ ಮೇಲೆದ್ದಿತು, ಇಳಿಯಿತು.

"ಚುಚ್ಚಲ್ಲ ಈಗ. ಒತ್ತಿ" ಅಂದರು. "ಜೋರಾಗಿ. ನೋವಾದ್ರೆ ನಾನೇ ಕೂಗ್ತೀನಿ."

ಒತ್ತಿದೆ.